ಹಲ್ಲಿನ ಎಕ್ಸ್‌ರೇಗೆ ಕ್ಯಾಮೆರಾ ಏಕೆ ಬೇಕಾಯಿತು?

"ಹಲೂ ನಕಾ. ಹಿಲ್ನಾ ಮತ್. ಅಲುಗಾಡ್ಬೇಡಿ ಅಮ್ಮಾ."

ಠಾಣೆಯ ನೌಪಾಡಾದಿಂದ ಕಲ್ಯಾಣದ ಖಡಕ್‌ಪಾಡಾದವರೆಗೆ, ಆ ಕಡೆ ವಾಶಿಯಿಂದ ಕಾಮೋಠೆಯವರೆಗೆ, ಹಲ್ಲಿನ ಎಕ್ಸ್‌ರೇ ಕೋಣೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೂ ಕೇಳಿಬರುವ ಮಾತು ಇದು. ಮೂರು ಭಾಷೆಯಲ್ಲಿ ಹೇಳಿದರೂ ಜನ ಅಲುಗಾಡುತ್ತಾರೆ. ನನ್ನ ಹೊಟ್ಟೆಪಾಡಿನ ಒಂದು ಪಾಲು ನಡೆಯುವುದೇ ಈ ಅಲುಗಾಟದಿಂದ. ನಾನು ಡಾಕ್ಟರಲ್ಲ, ದಂತ ಎಕ್ಸ್‌ರೇ ಯಂತ್ರಗಳನ್ನು ಕೂರಿಸುವ, ರಿಪೇರಿ ಮಾಡುವ ಸರ್ವಿಸ್ ಎಂಜಿನಿಯರ್. "ಚಿತ್ರ ಸರಿ ಬರ್ತಿಲ್ಲ, ಮೆಷಿನ್ ಕೆಟ್ಟಿದೆ" ಎಂದು ಫೋನು ಬರುತ್ತದೆ. ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಹೋಗಿ ನೋಡಿದರೆ ಎಷ್ಟೋ ಸಲ ಮೆಷಿನ್ನಿಗೆ ಏನೂ ಆಗಿರುವುದಿಲ್ಲ. ರೋಗಿಯ ಗದ್ದ ಅರ್ಧ ಸೆಂಟಿಮೀಟರ್ ಹಿಂದೆ ಇತ್ತು, ಅಷ್ಟೆ.

ಈಚಿನ ವರ್ಷಗಳಲ್ಲಿ ಈ ಯಂತ್ರಗಳಿಗೆ ಮಾಮೂಲಿ ಬೆಳಕಿನ ಕ್ಯಾಮೆರಾಗಳೂ ಬಂದು ಸೇರಿವೆ. ನೋಡಿದವರು ಕೇಳುತ್ತಾರೆ: ಒಳಗಿನದ್ದು ಕಾಣಲಿ ಎಂದು ಎಕ್ಸ್‌ರೇ, ಸರಿ. ಹೊರಗಿನ ಮುಖ ಡಾಕ್ಟರ ಎದುರಿಗೇ ಇದೆಯಲ್ಲ, ಅದಕ್ಕೊಂದು ಫೋಟೋ ಯಾಕೆ? ಬಿಲ್ ಏರಿಸಲಿಕ್ಕಾ? ನಮ್ಮ ಜನಕ್ಕೆ ಈ ಅನುಮಾನ ಸಹಜ. ಅಪ್ಪ ಕುಂದಾಪುರದ ಕಡೆಯಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು; ಯಾವ ಬಿಲ್ಲನ್ನೂ ಎರಡು ಸಲ ಓದದೆ ದುಡ್ಡು ಕೊಟ್ಟವರಲ್ಲ. ಅವರಿಗೆ ಹೇಳಿದ ಉತ್ತರವನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಯಂತ್ರದ ವಿಷಯ. ರೋಂಟ್‌ಗೆನ್ ಎಕ್ಸ್‌ಕಿರಣ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಮರುವರ್ಷದ ಜನವರಿಯಲ್ಲೇ ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕ್‌ಹೋಫ್ ತನ್ನದೇ ಹಲ್ಲಿನ ಎಕ್ಸ್‌ರೇ ತೆಗೆದ. ಅದಕ್ಕಾಗಿ ಆತ 25 ನಿಮಿಷ ಕಿರಣದ ಕೆಳಗೆ ಮಿಸುಕದೆ ಇರಬೇಕಾಯಿತು. ಇವತ್ತು ಬಾಯೊಳಗೆ ಸಣ್ಣ ಸೆನ್ಸರ್ ಇಟ್ಟು ಒಂದೆರಡು ಹಲ್ಲಿನ ಚಿತ್ರ ತೆಗೆಯಲು ಸೆಕೆಂಡಿನ ಒಂದು ಚೂರು ಸಾಕು. ಆದರೆ ಇಡೀ ದವಡೆ ಒಂದೇ ಚಿತ್ರದಲ್ಲಿ ಬೇಕೆಂದರೆ? ದವಡೆ ಕುದುರೆ ಲಾಳದ ಆಕಾರದ್ದು. ನೇರ ನಿಂತು ತೆಗೆದರೆ ಬಲದ್ದೂ ಎಡದ್ದೂ ಒಂದರ ಮೇಲೊಂದು ಬೀಳುತ್ತವೆ. 1950ರ ಆಸುಪಾಸಿನಲ್ಲಿ ಫಿನ್‌ಲ್ಯಾಂಡಿನ ಯುರ್ಯೊ ಪಾಟೆರೊ ಇದಕ್ಕೆ ದಾರಿ ಕಂಡುಕೊಂಡ. ಅದರಿಂದ ಬೆಳೆದ ಯಂತ್ರದಲ್ಲಿ ಒಂದು ತೋಳು, ಅದರ ಒಂದು ತುದಿಯಲ್ಲಿ ಎಕ್ಸ್‌ರೇ ಟ್ಯೂಬು, ಇನ್ನೊಂದು ತುದಿಯಲ್ಲಿ ಫಿಲ್ಮು. ರೋಗಿ ಸುಮ್ಮನೆ ನಿಲ್ಲುತ್ತಾನೆ, ಯಂತ್ರವೇ ಅವನಿಗೆ ಪ್ರದಕ್ಷಿಣೆ ಹಾಕುತ್ತದೆ. ಇದೇ ಓಪಿಜಿ. ಡೊಂಬಿವಲಿಯ ಮಾನ್‌ಪಾಡಾ ರಸ್ತೆಯಲ್ಲಾಗಲಿ ಠಾಣೆಯ ಗೋಖಲೆ ರಸ್ತೆಯಲ್ಲಾಗಲಿ "ಓಪಿಜಿ ಕಾಢೂನ್ ಆಣಾ" (ತೆಗೆಸಿಕೊಂಡು ಬನ್ನಿ) ಎಂದು ಡಾಕ್ಟರು ಚೀಟಿ ಬರೆದುಕೊಡುತ್ತಾರಲ್ಲ, ಅದು.

ಓಪಿಜಿಯ ಗುಟ್ಟು ಮಸುಕಿನಲ್ಲಿದೆ. ತೋಳು ತಿರುಗುವ ವೇಗ, ಸೆನ್ಸರ್ ಚಿತ್ರ ಹಿಡಿಯುವ ವೇಗ ಎರಡನ್ನೂ ಹೊಂದಿಸಿ, ಲಾಳದ ಆಕಾರದ ಒಂದು ಪಟ್ಟಿಯೊಳಗೆ ಇದ್ದದ್ದು ಮಾತ್ರ ಸ್ಪಷ್ಟವಾಗಿ, ಅದರ ಹಿಂದೆ ಮುಂದೆ ಇದ್ದದ್ದೆಲ್ಲ ಮಸುಕಾಗಿ ಕಾಣುವ ಹಾಗೆ ಮಾಡಿದ್ದಾರೆ. ಮುಂದಿನ ಹಲ್ಲುಗಳ ಜಾಗದಲ್ಲಿ ಈ ಪಟ್ಟಿ ತೀರ ಕಿರಿದು. ರೋಗಿ ಕಚ್ಚಿ ಹಿಡಿಯಬೇಕಾದ ಬೈಟ್ ಸ್ಟಿಕ್ಕಿನ ಗೀರಿನಲ್ಲಿ ಹಲ್ಲಿಡದೆ ಸ್ವಲ್ಪ ಮುಂದೆ ಬಂದರೆ ಮುಂಬಲ್ಲುಗಳು ಸಣಕಲಾಗಿ ಕಾಣುತ್ತವೆ, ಹಿಂದೆ ಸರಿದರೆ ಅಗಲವಾಗುತ್ತವೆ. ಗದ್ದ ತಗ್ಗಿಸಿದರೆ ದವಡೆ ಅತಿಯಾಗಿ ನಗುತ್ತದೆ, ಎತ್ತಿದರೆ ಮುಖ ಸಿಂಡರಿಸುತ್ತದೆ. ಬೆನ್ನು ಬಾಗಿಸಿ ನಿಂತರೆ ಕುತ್ತಿಗೆ ಮೂಳೆಯ ಬಿಳಿ ನೆರಳು ಚಿತ್ರದ ನಟ್ಟ ನಡುವೆ ಬಂದು ಕೂರುತ್ತದೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯದಿದ್ದರೆ ಮೇಲಿನ ಹಲ್ಲುಗಳ ಬೇರಿನ ಮೇಲೆ ಕಪ್ಪು ಪಟ್ಟಿ. ಇನ್ನು ಓಲೆ. ಬಲಗಿವಿಯ ಓಲೆ ಬಲಕ್ಕೆ ಒಮ್ಮೆ ಕಾಣುವುದಲ್ಲದೆ, ಎಡಗಡೆಯಲ್ಲಿ ಇನ್ನೂ ಸ್ವಲ್ಪ ಮೇಲೆ ದೊಡ್ಡದಾಗಿ, ಮಬ್ಬಾಗಿ ಇನ್ನೊಮ್ಮೆ ಕಾಣುತ್ತದೆ. ನಮ್ಮ ಊರಿನ ಹೆಂಗಸರು ಓಲೆ ತೆಗೆಯುತ್ತಾರೆ, ಮೂಗುತಿ ಹೇಳಿದರೆ ತೆಗೆಯುತ್ತಾರೆ, ಕರಿಮಣಿ ತೆಗೆಯಿರಿ ಎಂದರೆ ಗಂಡನ ಮುಖ ನೋಡುತ್ತಾರೆ.

ಟೆಕ್ನೀಷಿಯನ್ ಇದನ್ನೆಲ್ಲ ಸರಿಮಾಡಿ, ಲೇಸರ್ ಗೆರೆಗಳನ್ನು ಮೂಗಿನ ಮೇಲೆ, ಕೋರೆಹಲ್ಲಿನ ಮೇಲೆ ಹೊಂದಿಸಿ, ಬಾಗಿಲು ಮುಚ್ಚಿಕೊಂಡು ಹೊರಗೆ ಬರುತ್ತಾನೆ. ಅವನು ಬಟನ್ ಒತ್ತುವಷ್ಟರಲ್ಲಿ ಒಳಗಿದ್ದವರು "ಆಯ್ತಾ?" ಎಂದು ತಲೆ ತಿರುಗಿಸಿರುತ್ತಾರೆ. ತೋಳು ಒಂದು ಸುತ್ತು ಮುಗಿಸಲು ಹತ್ತು ಹದಿನೈದು ಸೆಕೆಂಡು ಬೇಕು. ಆ ಹೊತ್ತಿನಲ್ಲಿ ಉಗುಳು ನುಂಗಿದರೂ ಚಿತ್ರದಲ್ಲಿ ದವಡೆ ಮುರಿದಂತೆ ಮೆಟ್ಟಿಲು ಬೀಳುತ್ತದೆ. ಚಿತ್ರ ಹಾಳಾದರೆ ರಿಪೀಟ್. ರಿಪೀಟ್ ಎಂದರೆ ಇನ್ನೊಂದು ಡೋಸು.

ಕ್ಯಾಮೆರಾದ ಮೊದಲ ಕೆಲಸ ಇರುವುದು ಇಲ್ಲಿಯೇ, ಮತ್ತು ನನ್ನ ಪ್ರಕಾರ ಅದೇ ಅದರ ಅತಿ ದೊಡ್ಡ ಕೆಲಸ. ಯಂತ್ರದಲ್ಲೇ ಕೂರಿಸಿದ ಕ್ಯಾಮೆರಾಗಳು ರೋಗಿಯ ಮುಖವನ್ನು ಎದುರಿನಿಂದ, ಪಕ್ಕದಿಂದ ಸ್ಕ್ರೀನಿನಲ್ಲಿ ತೋರಿಸುತ್ತವೆ. ಕೇರ್‌ಸ್ಟ್ರೀಮ್ ಕಂಪನಿಯ ಸಿಎಸ್ 9600 ಮಾದರಿಯಲ್ಲಿ ಇಂಥ ವ್ಯವಸ್ಥೆ ಯಂತ್ರದ ಜೊತೆಗೇ ಬರುತ್ತದೆ. ಕೋಣೆಯ ಹೊರಗಿನಿಂದಲೇ ಗದ್ದ ಎಲ್ಲಿದೆ, ಮೂಗುತಿ ಮರೆತಿದ್ದಾರಾ, ತಲೆ ವಾಲಿದೆಯಾ ನೋಡಬಹುದು. ಕಿರಣ ಬಿಡುವ ಮೊದಲೇ ತಿದ್ದಬಹುದು. ಇದರಲ್ಲಿ ಯಾವ ಜಾದೂ ಇಲ್ಲ. ಕಣ್ಣಿನ ಕೆಳಗಿನಿಂದ ಕಿವಿಯ ರಂಧ್ರದವರೆಗೆ ಎಳೆದ ಗೆರೆ ನೆಲಕ್ಕೆ ಸಮಾನಾಂತರವಾಗಿರಬೇಕು ಎಂಬುದು ಎಕ್ಸ್‌ರೇ ಕಲಿತವರಿಗೆಲ್ಲ ಗೊತ್ತು. ಅದು ಹಾಗೆ ಇದೆಯೇ ಎಂದು ಕೊನೆಯ ಗಳಿಗೆಯಲ್ಲಿ ನೋಡಲು ಅವರಿಗೆ ಇಷ್ಟು ವರ್ಷ ಅವಕಾಶವಿರಲಿಲ್ಲ.

ಎರಡನೇ ಕೆಲಸ ಇದಕ್ಕಿಂತ ಜಾಣತನದ್ದು, ದುಬಾರಿ ಕೂಡ. ಅದಕ್ಕೆ ಸಿಬಿಸಿಟಿಯನ್ನು (ಕೋನ್ ಬೀಮ್ ಸಿಟಿ) ಅರ್ಥಮಾಡಿಕೊಳ್ಳಬೇಕು. ಓಪಿಜಿಯ ಕಿರಣ ತೆಳ್ಳಗಿನ ಗೀಟು. ಸಿಬಿಸಿಟಿಯದ್ದು ಶಂಕುವಿನ ಆಕಾರದ ಧಾರೆ. 1990ರ ದಶಕದಲ್ಲಿ ಇಟಲಿಯ ವೆರೋನಾದಲ್ಲಿ ಪಿಯೆರೊ ಮೊಝೊ ಮತ್ತು ಸಂಗಡಿಗರು ಇಂಥ ಯಂತ್ರ ಕಟ್ಟಿ 1998ರಲ್ಲಿ ಅದರ ವರದಿ ಪ್ರಕಟಿಸಿದರು; ಅದೇ ಕಾಲಕ್ಕೆ ಜಪಾನಿನಲ್ಲಿ ಯೋಶಿನೊರಿ ಅರಾಯ್ ಅದೇ ದಾರಿಯಲ್ಲಿದ್ದರು. ತೋಳು ಒಂದು ಸುತ್ತು ಬರುವಷ್ಟರಲ್ಲಿ ನೂರಾರು ಚಿತ್ರ ತೆಗೆಯುತ್ತದೆ. ಕಂಪ್ಯೂಟರು ಅವನ್ನೆಲ್ಲ ಸೇರಿಸಿ ದವಡೆಯನ್ನು ಮೂರು ಆಯಾಮದಲ್ಲಿ ಕಟ್ಟುತ್ತದೆ. ಬೇರು ಎಷ್ಟು ಉದ್ದ, ನರ ಹೋಗುವ ಕಾಲುವೆ ಎಷ್ಟು ಆಳದಲ್ಲಿದೆ, ಇಂಪ್ಲಾಂಟ್ ಕೂರಿಸಲು ಮೂಳೆ ಸಾಕಾ, ಎಲ್ಲವನ್ನೂ ಮಿಲಿಮೀಟರಿನಲ್ಲಿ ಅಳೆಯಬಹುದು.

ಅಳೆಯಲಾಗದ್ದು ಎರಡು. ಒಂದು, ಮುಖದ ಬಣ್ಣ ಮತ್ತು ಚರ್ಮದ ನಿಜವಾದ ಚಹರೆ. ಗಾಳಿ ಮುಗಿದು ಚರ್ಮ ಶುರುವಾಗುವ ಗಡಿ ಸಿಬಿಸಿಟಿಯಲ್ಲಿ ಕಾಣುತ್ತದೆ, ಆದರೆ ಬೂದು ಬಣ್ಣದ ಮುಖವಾಡ ಮಾತ್ರ. ಎರಡನೆಯದು, ಹಲ್ಲಿನ ಮೇಲ್ಮೈ. ಬಾಯಲ್ಲಿ ಲೋಹದ ಕ್ಯಾಪು, ಬೆಳ್ಳಿ ಫಿಲ್ಲಿಂಗು ಇದ್ದರೆ ಅಲ್ಲಿಂದ ಬಿಳಿ ಗೆರೆಗಳು ಎದ್ದು ಅಕ್ಕಪಕ್ಕದ ಹಲ್ಲುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಕಲ್ಯಾಣದ ಹಳೇ ಮಾರ್ಕೆಟ್ ಕಡೆಯ ಹಿರಿಯರ ಬಾಯಲ್ಲಿ ಇಂಥ ಲೋಹ ಧಾರಾಳ. ಈ ಎರಡೂ ಕೊರತೆ ತುಂಬಲು ಬೆಳಕು ಬೇಕು.

ಮುಖಕ್ಕೆ ಏನು ಮಾಡುತ್ತಾರೆ? ಹೆಲ್ಸಿಂಕಿಯ ಪ್ಲಾನ್‌ಮೆಕಾ ಕಂಪನಿ ತನ್ನ ಸಿಬಿಸಿಟಿ ಯಂತ್ರಕ್ಕೆ ಪ್ರೊಫೇಸ್ ಎಂಬ ಭಾಗ ಸೇರಿಸಿತು. ತೋಳು ತಿರುಗುವಾಗ ಲೇಸರ್ ಬೆಳಕು ಮುಖದ ಮೇಲೆ ಗೆರೆಯಾಗಿ ಬೀಳುತ್ತದೆ. ಗೆರೆ ಮೂಗಿನ ಮೇಲೆ ಒಂದು ರೀತಿ ಬಾಗುತ್ತದೆ, ಕೆನ್ನೆಯ ಮೇಲೆ ಇನ್ನೊಂದು ರೀತಿ. ಓರೆಯಿಂದ ನೋಡುವ ಕ್ಯಾಮೆರಾ ಆ ಬಾಗುವಿಕೆಯನ್ನು ಹಿಡಿದು ತ್ರಿಕೋನದ ಲೆಕ್ಕದಿಂದ ಉಬ್ಬುತಗ್ಗು ಎಷ್ಟೆಂದು ತಿಳಿಯುತ್ತದೆ. ಹೈಸ್ಕೂಲಿನ ತ್ರಿಕೋನಮಿತಿಯೇ. ಬಣ್ಣದ ಕ್ಯಾಮೆರಾಗಳು ಚರ್ಮದ ಚಿತ್ರ ತೆಗೆದು ಅದರ ಮೇಲೆ ಹೊದಿಸುತ್ತವೆ. ಎಕ್ಸ್‌ಕಿರಣವಿಲ್ಲದೆ ಮುಖವನ್ನು ಮಾತ್ರವೂ ತೆಗೆಯಬಹುದು. ದವಡೆ ಶಸ್ತ್ರಕ್ರಿಯೆ ಆದವರ ಊತ ಎಷ್ಟು ಇಳಿದಿದೆ ಎಂದು ವಾರ ವಾರ ಅಳೆಯುವುದಿದ್ದರೆ ಇದು ಬಹಳ ಉಪಯೋಗ. ಬೆಳಕಿಗೆ ಡೋಸಿನ ಲೆಕ್ಕವಿಲ್ಲ.

ಇನ್ನು ನನ್ನ ನಿಜವಾದ ಕೆಲಸಕ್ಕೆ ಬಂದೆ. ಕ್ಯಾಮೆರಾ ಕಂಡ ಮುಖ ಒಂದು, ಎಕ್ಸ್‌ರೇ ಕಂಡ ಮೂಳೆ ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಕೂರಿಸಬೇಕು. ಎರಡಕ್ಕೂ ತಮ್ಮ ತಮ್ಮದೇ ಸೊನ್ನೆಯ ಬಿಂದು, ತಮ್ಮದೇ ಮೇಲೆ ಕೆಳಗೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಆರೇ ಆರು ಸಂಖ್ಯೆ ಬೇಕು: ಎಷ್ಟು ಸರಿಸಬೇಕು ಎಂಬುದಕ್ಕೆ ಮೂರು, ಎಷ್ಟು ತಿರುಗಿಸಬೇಕು ಎಂಬುದಕ್ಕೆ ಮೂರು. ಆ ಆರು ಸಂಖ್ಯೆಗಾಗಿಯೇ ನಾನು ಬ್ಯಾಗಿನಲ್ಲಿ ಫ್ಯಾಂಟಮ್ ಹೊತ್ತು ತಿರುಗುವುದು. ಪ್ಲಾಸ್ಟಿಕ್ಕಿನ ಒಂದು ವಸ್ತು, ಅದರಲ್ಲಿ ನಿಖರವಾದ ದೂರಗಳಲ್ಲಿ ಹುದುಗಿಸಿದ ಉಕ್ಕಿನ ಗುಂಡುಗಳು. ಗುಂಡು ಎಕ್ಸ್‌ರೇಗೂ ಕಾಣುತ್ತದೆ, ಕ್ಯಾಮೆರಾಗೂ ಕಾಣುತ್ತದೆ. ಅದನ್ನು ಗದ್ದದ ಜಾಗದಲ್ಲಿಟ್ಟು ತೋಳು ತಿರುಗಿಸಿದರೆ ಸಾಫ್ಟ್‌ವೇರು ಉಳಿದ ಲೆಕ್ಕ ಮಾಡಿಕೊಳ್ಳುತ್ತದೆ. ಠಾಣೆ ಸ್ಟೇಷನ್ನಿನಲ್ಲಿ ಬ್ಯಾಗು ಸ್ಕ್ಯಾನರಿಗೆ ಹಾಕಿದಾಗ ಆ ಗುಂಡುಗಳನ್ನು ನೋಡಿ ಪೊಲೀಸರು ಪಕ್ಕಕ್ಕೆ ಕರೆದು ವಿಚಾರಿಸುವುದೂ ಉಂಟು.

ಆರು ಸಂಖ್ಯೆಯಲ್ಲಿ ಒಂದು ತಪ್ಪಿದರೆ? ಒಂದೇ ಒಂದು ಡಿಗ್ರಿ ತಿರುಗುವಿಕೆ ತಪ್ಪಿದರೆ ಹತ್ತು ಸೆಂಟಿಮೀಟರ್ ಆಚೆ ಅದು ಸುಮಾರು 1.7 ಮಿಲಿಮೀಟರ್ ಆಗುತ್ತದೆ. ಕೆಳದವಡೆಯ ನರದ ಕಾಲುವೆಗೂ ಇಂಪ್ಲಾಂಟಿನ ತುದಿಗೂ ನಡುವೆ ವೈದ್ಯರು ಸಾಮಾನ್ಯವಾಗಿ ಬಿಡುವ ಜಾಗ 2 ಮಿಲಿಮೀಟರ್. ಲೆಕ್ಕ ನೀವೇ ಹಾಕಿ. ಕ್ಯಾಮೆರಾ ಯಂತ್ರದ ಮೈಗೇ ಕೂತಿದ್ದರೆ ಈ ಸಂಬಂಧ ಒಮ್ಮೆ ಸರಿಮಾಡಿದರೆ ಬಹುಕಾಲ ಉಳಿಯುತ್ತದೆ. ರೋಗಿಯೂ ಅದೇ ಭಂಗಿಯಲ್ಲಿ ಇರುತ್ತಾನೆ. ಬೇರೆ ದಿನ ಬೇರೆ ಕಡೆ ತೆಗೆದ ಮುಖವನ್ನು ಹೊಂದಿಸುವುದಾದರೆ ಚರ್ಮಕ್ಕೆ ಚರ್ಮ ಜೋಡಿಸಬೇಕು. ಒಂದರಲ್ಲಿ ನಗು, ಇನ್ನೊಂದರಲ್ಲಿ ಬಿಗಿದ ತುಟಿ ಇದ್ದರೆ ಯಾವುದನ್ನು ಯಾವುದಕ್ಕೆ ಜೋಡಿಸುವುದು? ಐಫೋನಿನಲ್ಲಿ 2017ರಿಂದ ಆಳ ಅಳೆಯುವ ಮುಂದಿನ ಕ್ಯಾಮೆರಾ ಬಂದ ಮೇಲೆ ಕೆಲವು ಡಾಕ್ಟರರು ಫೋನಿನಲ್ಲೇ ಮುಖ ತೆಗೆದು ಸಿಬಿಸಿಟಿಗೆ ಅಂಟಿಸುತ್ತಾರೆ. ನಗುವಿನ ಅಂದಾಜಿಗೆ ಅಡ್ಡಿಯಿಲ್ಲ. ಅದರ ಮೇಲೆ ಡ್ರಿಲ್ ಹಿಡಿಯುವುದು ಬೇಡ.

ಒಂದು ತಮಾಷೆ ಇದೆ. ಹಣೆಯ ಸ್ಟಿಕರ್ ಬೊಟ್ಟು ಕ್ಯಾಮೆರಾಗೆ ಕಾಣುತ್ತದೆ, ಎಕ್ಸ್‌ರೇಗೆ ಕಾಣುವುದಿಲ್ಲ. ಮೂಗುತಿ ಎರಡಕ್ಕೂ ಸ್ಪಷ್ಟ. ಜೋಡಿಸುವವನ ದೃಷ್ಟಿಯಿಂದ ಮೂಗುತಿಗಿಂತ ಒಳ್ಳೆಯ ಗುರುತು ಇನ್ನೊಂದಿಲ್ಲ. ಆದರೆ ಲೋಹದ ಗೆರೆ ಏಳುತ್ತದೆ ಎಂದು ಮೊದಲು ತೆಗೆಸುವುದೂ ಅದನ್ನೇ.

ಹಲ್ಲಿನ ಮೇಲ್ಮೈಗೆ ಇರುವುದು ಬಾಯೊಳಗೆ ಹೋಗುವ ಸಣ್ಣ ಸ್ಕ್ಯಾನರು. ಇದರ ಮೂಲ ಝೂರಿಕ್‌ನಲ್ಲಿ: 1985ರಲ್ಲಿ ವರ್ನರ್ ಮೋರ್ಮನ್ ಬಾಯಿಯ ಒಳಗೆ ಕ್ಯಾಮೆರಾ ಹಿಡಿದು ಹಲ್ಲಿನ ಆಕಾರ ತೆಗೆದು, ಅಲ್ಲೇ ಪಿಂಗಾಣಿಯ ತುಂಡು ಕೊರೆಸಿ ಕೂರಿಸಿದರು. ಇಂದಿನ ಸ್ಕ್ಯಾನರು ಮಿಲಿಮೀಟರಿನ ನೂರನೇ ಪಾಲುಗಳ ಲೆಕ್ಕದಲ್ಲಿ ಹಲ್ಲು ಅಳೆಯುತ್ತದೆ. ಇದರ ಮೇಲ್ಮೈಯನ್ನು ಸಿಬಿಸಿಟಿಯ ಬೇರಿಗೆ ಜೋಡಿಸಿದರೆ ಒಂದು ಪೂರ್ತಿ ಹಲ್ಲು ಸಿಗುತ್ತದೆ. ಅದರ ಮೇಲೆ ಡ್ರಿಲ್ಲಿಗೆ ದಾರಿ ತೋರುವ ಇಂಪ್ಲಾಂಟಿನ ಗೈಡು ಡಿಸೈನ್ ಮಾಡಿ ತ್ರೀಡಿ ಪ್ರಿಂಟರಿನಲ್ಲಿ ತೆಗೆಯುತ್ತಾರೆ. ನನ್ನ ಮಟ್ಟಿಗೆ ಬೆಳಕಿನ ಚಿತ್ರವನ್ನು ಎಕ್ಸ್‌ರೇ ಚಿತ್ರಕ್ಕೆ ಕೂಡಿಸಿದ್ದರಿಂದ ಸಾಮಾನ್ಯ ರೋಗಿಗೆ ಅತಿ ಹೆಚ್ಚು ಲಾಭವಾದದ್ದು ಈ ಜೋಡಣೆಯಿಂದ, ಮುಖದ ಚಂದದ ಚಿತ್ರದಿಂದಲ್ಲ.

ಆದರೆ ನಮ್ಮ ಕಡೆ ಒಂದು ತೊಡಕಿದೆ. ಬಾಯಿ ತೆರೆಯಬೇಕಲ್ಲ! ಅಡಿಕೆ, ಗುಟ್ಕಾ ವರ್ಷಗಟ್ಟಲೆ ಅಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಗಡುಸಾಗುತ್ತದೆ. ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯದು. ಮುಂಬಯಿಯ ವೈದ್ಯ ಜೋಶಿ 1953ರಲ್ಲೇ ಈ ಕಾಯಿಲೆಯ ಬಗ್ಗೆ ಬರೆದಿದ್ದರು. 1966ರಲ್ಲಿ ಡೆನ್ಮಾರ್ಕಿನ ಪಿಂಡ್‌ಬೋರ್ಗ್ ಜೊತೆ ಸೇರಿ ಅದನ್ನು ಜಗತ್ತಿನ ಗಮನಕ್ಕೆ ತಂದವರು ಮುಂಬಯಿಯ ಕ್ಯಾನ್ಸರ್ ಸಂಶೋಧಕಿ ಸತ್ಯವತಿ ಸಿರ್ಸಾಟ್. ಮಹಾರಾಷ್ಟ್ರ 2012ರಲ್ಲಿ ಗುಟ್ಕಾ ನಿಷೇಧಿಸಿತು. ಆದರೂ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆಯ ಕ್ಲಿನಿಕ್ಕುಗಳಲ್ಲಿ ಇಂಥ ಬಾಯಿಗಳನ್ನು ನೋಡುತ್ತಲೇ ಇದ್ದೇನೆ. ಇವರಿಗೆ ಬಾಯೊಳಗಿನ ಸ್ಕ್ಯಾನರಿಲ್ಲ, ಬಾಯೊಳಗಿನ ಸೆನ್ಸರೂ ಇಲ್ಲ. ಹೊರಗಿನಿಂದ ಸುತ್ತುವ ಯಂತ್ರವೊಂದೇ ದಾರಿ. ಮುಂದಕ್ಕೆ ಕ್ಯಾನ್ಸರಿನ ಅನುಮಾನ ಬಂದರೆ ಖಾರ್‌ಘರ್‌ನಲ್ಲಿ ಟಾಟಾದವರ ಆಸ್ಪತ್ರೆ ಆಕ್‌ಟ್ರೆಕ್ ಇದೆ. ಅಲ್ಲಿಗೆ ಹೋಗಲು ತಡಮಾಡುವ ಜನರೇ ಜಾಸ್ತಿ.

ಡೋಸಿನ ಬಗ್ಗೆ ಒಂದೆರಡು ಅಂಕಿ. ಒಂದು ಓಪಿಜಿಯಲ್ಲಿ ಸುಮಾರು 10ರಿಂದ 25 ಮೈಕ್ರೋಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ಸಿಗುವ ಸಹಜ ವಿಕಿರಣ ವರ್ಷಕ್ಕೆ ಜಗತ್ತಿನ ಸರಾಸರಿಯಲ್ಲಿ 2400; ದಿನಕ್ಕೆ ಆರೂವರೆ. ಅಂದರೆ ಓಪಿಜಿ ಎಂದರೆ ಒಂದೂವರೆ ದಿನದಿಂದ ನಾಲ್ಕು ದಿನ ಭೂಮಿಯ ಮೇಲೆ ಬದುಕಿದ್ದಷ್ಟು. ಸಿಬಿಸಿಟಿಯಲ್ಲಿ ಅದು ಕೆಲವು ಹತ್ತರಿಂದ ಕೆಲವು ನೂರರವರೆಗೆ ಹೋಗುತ್ತದೆ, ಎಷ್ಟು ದೊಡ್ಡ ಭಾಗ ತೆಗೆಯುತ್ತಾರೆ ಎಂಬುದರ ಮೇಲೆ. ಹೆದರುವಷ್ಟಲ್ಲ, ಸುಮ್ಮಸುಮ್ಮನೆ ಮಾಡಿಸುವಷ್ಟೂ ಅಲ್ಲ. ಒಂದೇ ಹಲ್ಲಿನ ಪ್ರಶ್ನೆಗೆ ಕಣ್ಣಿನಿಂದ ಗದ್ದದವರೆಗೆ ತೆಗೆಸಬೇಕಾಗಿಲ್ಲ. ಮುಖದ ಕ್ಯಾಮೆರಾ ಇದೆ ಎಂಬ ಒಂದೇ ಕಾರಣಕ್ಕೆ ದೊಡ್ಡ ಭಾಗದ ಸಿಬಿಸಿಟಿ ಬರೆಯುವುದಂತೂ ತಲೆಕೆಳಗಾದ ಕ್ರಮ. ಈ ಯಂತ್ರಗಳಿಗೆಲ್ಲ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. 1983ರಲ್ಲಿ ಹುಟ್ಟಿದ ಆ ಮಂಡಳಿಯ ಕಚೇರಿ ಅಣುಶಕ್ತಿನಗರದಲ್ಲಿದೆ, ವಾಶಿ ಸೇತುವೆ ದಾಟಿದರೆ ಹತ್ತಿರವೇ. ಹೊಸ ಕಟ್ಟಡಗಳ ತೆಳು ಗೋಡೆಗೆ ಸೀಸದ ಹಾಳೆ ಹೊದಿಸದೆ ಯಂತ್ರ ಕೂರಿಸಿಕೊಡಿ ಎಂದು ಕೇಳುವವರಿಗೆ ನಾನು ಅದೇ ಕಚೇರಿಯ ದಾರಿ ತೋರಿಸುತ್ತೇನೆ.

ನವಿ ಮುಂಬಯಿಯಲ್ಲಿ ದಂತ ಕಾಲೇಜುಗಳು ಸಾಲಾಗಿವೆ: ನೆರೂಲಿನ ಡಿ.ವೈ. ಪಾಟೀಲ್ ಮತ್ತು ತೆರ್ಣಾ, ಬೇಲಾಪುರದ ಭಾರತಿ ವಿದ್ಯಾಪೀಠ, ಖಾರ್‌ಘರ್‌ನ ವೈಎಂಟಿ, ಕಾಮೋಠೆಯ ಎಂಜಿಎಂ. ಕಾಲೇಜಿನ ಎಕ್ಸ್‌ರೇ ವಿಭಾಗದಲ್ಲಿ ತಜ್ಞರು ಕೂತು ಚಿತ್ರ ಓದುತ್ತಾರೆ. ಡೊಂಬಿವಲಿಯ ಒಂದು ಮಳಿಗೆಯ ಸೆಂಟರಿನಲ್ಲಿ ಚಿತ್ರ ಹೊರಬೀಳುತ್ತದೆ, ಓದುವವರು ಬೇರೆಲ್ಲೋ ಇರುತ್ತಾರೆ. ಕ್ಯಾಮೆರಾ ಇದ್ದರೂ ಇಲ್ಲದಿದ್ದರೂ ಓದುವ ಕಣ್ಣು ಮುಖ್ಯ ಎಂದು ನಾನು ಹೇಳಿದರೆ ಕಂಪನಿಯ ಸೇಲ್ಸಿನವರಿಗೆ ಸಿಟ್ಟು.

ಕ್ಯಾಮೆರಾಗಳಿಗೆ ನಮ್ಮ ಹವೆಯೂ ಒಗ್ಗುವುದಿಲ್ಲ. ಜೂನ್ ಬಂತೆಂದರೆ ಎಸಿ ಆರಿಸಿದ ರಾತ್ರಿಗಳಲ್ಲಿ ಲೆನ್ಸಿನ ಮೇಲೆ ತೇವ ಕೂರುತ್ತದೆ. ಬಿಟ್ಟರೆ ಬೂಸರು ಹಿಡಿಯುತ್ತದೆ. ಎಕ್ಸ್‌ರೇ ಸೆನ್ಸರಿಗೆ ಇದರ ಗೊಡವೆಯಿಲ್ಲ, ಅದು ಮುಚ್ಚಿದ ಪೆಟ್ಟಿಗೆಯೊಳಗಿದೆ. ಗಡ್ಡ ಮೀಸೆ ಕೂಡ ಬೆಳಕಿನ ಸ್ಕ್ಯಾನಿಗೆ ಕಾಟ: ಕೂದಲಿನ ಮೇಲೆ ಲೇಸರ್ ಗೆರೆ ಚೆದುರಿ ಗದ್ದದ ಆಕಾರ ಹಳ್ಳಕೊಳ್ಳವಾಗುತ್ತದೆ. ಗದ್ದದ ಪಟ್ಟಿ ಒತ್ತಿದ ಕಡೆ ಚರ್ಮವೇ ಸರಿದಿರುತ್ತದೆ. ಇಷ್ಟರ ಮೇಲೆ, ಶಸ್ತ್ರಕ್ರಿಯೆಯಲ್ಲಿ ದವಡೆ ಮೂಳೆಯನ್ನು 5 ಮಿಲಿಮೀಟರ್ ಹಿಂದೆ ಸರಿಸಿದರೆ ತುಟಿಯೂ ಅಷ್ಟೇ ಸರಿಯುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ಸ್ಕ್ರೀನಿನಲ್ಲಿ ತೋರಿಸುವ "ಆಪರೇಷನ್ ನಂತರದ ಮುಖ" ಒಂದು ಅಂದಾಜು. ಮದುವೆಗೆ ಮೊದಲು ದವಡೆ ಸರಿಮಾಡಿಸಿಕೊಳ್ಳಲು ಬರುವ ಹುಡುಗ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳುವ ಡಾಕ್ಟರರು ಇದ್ದಾರೆ, ಹೇಳದವರೂ ಇದ್ದಾರೆ.

ಕೊನೆಯದಾಗಿ ಫೈಲಿನ ವಿಷಯ. ಬರೀ ಹಲ್ಲಿನ ಎಕ್ಸ್‌ರೇ ನೋಡಿ ಇದು ಯಾರದ್ದೆಂದು ನಿಮ್ಮ ಪಕ್ಕದ ಮನೆಯವರಿಗೆ ಗೊತ್ತಾಗದು. ಕ್ಯಾಮೆರಾ ಸೇರಿದ ಮೇಲೆ ಫೈಲಿನಲ್ಲಿ ನಿಮ್ಮ ಮುಖವಿದೆ, ಬಣ್ಣದಲ್ಲಿ, ಎಲ್ಲ ಕೋನದಿಂದ. ಆ ಫೈಲು ಡಾಕ್ಟರಿಂದ ಲ್ಯಾಬಿಗೆ, ಲ್ಯಾಬಿನಿಂದ ಡಿಸೈನ್ ಮಾಡುವವನಿಗೆ ಸಾಮಾನ್ಯವಾಗಿ ವಾಟ್ಸ್‌ಆ್ಯಪಿನಲ್ಲೇ ಹೋಗುತ್ತದೆ. ವೈಯಕ್ತಿಕ ಮಾಹಿತಿ ರಕ್ಷಣೆಗೆ ದೇಶದಲ್ಲಿ 2023ರಲ್ಲಿ ಕಾಯಿದೆಯಾಗಿದೆ. ಹಾಗಾಗಿ ಮುಖದ ಸ್ಕ್ಯಾನ್ ಮಾಡುತ್ತೇವೆ ಎಂದರೆ ಯಾತಕ್ಕೆ, ಯಾರಿಗೆ ಕಳಿಸುತ್ತೀರಿ ಎಂದು ಕೇಳಿ. ಬೇಡವಾದರೆ ಬೇಡ ಎನ್ನಿ. ಸೆಂಟರಿನಿಂದ ಹೊರಡುವಾಗ ಹೊಳೆಯುವ ಪ್ರಿಂಟ್ ಒಂದನ್ನೇ ತೆಗೆದುಕೊಂಡು ಬರಬೇಡಿ. ಮೂಲ ಡಿಜಿಟಲ್ ಚಿತ್ರವಿರುವ ಡೈಕಾಮ್ ಫೈಲ್ ಕೊಡಿ ಎಂದು ಕೇಳಿ ಪೆನ್‌ಡ್ರೈವಿನಲ್ಲಿ ಹಾಕಿಸಿಕೊಳ್ಳಿ. ಮುಂದಿನ ಡಾಕ್ಟರು ಅದನ್ನೇ ತೆರೆದು ಅಳೆಯಬಲ್ಲರು, ಇನ್ನೊಂದು ಎಕ್ಸ್‌ರೇ ಉಳಿಯುತ್ತದೆ.